ಕೆಲಸ ಸಿಕ್ಕಿದ ಮೇಲೆ ಏನಾಯ್ತು?

ಸಕಲೇಶಪುರ, ಆಲೂರು ಕಡೆ ಯಾರದೋ ಮಗಳಿಗೆ ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೆಲಸ ಸಿಕ್ಕರೆ ಊರಿಗೆಲ್ಲ ಗೊತ್ತಾಗುತ್ತದೆ. ನಾಲ್ಕೈದು ವರ್ಷದ ಮೇಲೆ ಅವಳು ಅದನ್ನು ಬಿಟ್ಟರೆ ಅದು ಸುದ್ದಿಯೇ ಅಲ್ಲ. ಮದುವೆ ಆಯ್ತು, ಮಗು ಆಯ್ತು, ಬಿಟ್ಟಳು. ಅಷ್ಟೇ. ಹೀಗೆ ಬಿಡುವುದಕ್ಕೂ ಒಂದು ಚರಿತ್ರೆ ಇದೆ.

1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೋ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಈ ಕಥೆ ಎಲ್ಲರಿಗೂ ಗೊತ್ತು. ಮುಂದಿನದನ್ನು ಹೇಳುವವರು ಕಡಿಮೆ. 1981ರಲ್ಲಿ ಗಂಡ ನಾರಾಯಣ ಮೂರ್ತಿ ಇನ್ಫೋಸಿಸ್ ಶುರು ಮಾಡುವಾಗ 10,000 ರೂಪಾಯಿ ಕೊಟ್ಟವರು ಸುಧಾ. ಆದರೆ ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಬೇಡ ಎಂದು ಅವರೇ ಹೊರಗುಳಿಯಬೇಕಾಯ್ತು. ಅದು ತಪ್ಪಾಗಿತ್ತು ಎಂದು ಮೂರ್ತಿಯವರು 2024ರಲ್ಲಿ ಒಪ್ಪಿಕೊಂಡರು. ನಲವತ್ತು ವರ್ಷ ಬೇಕಾಯ್ತು ನೋಡಿ!

ಇನ್ನು ರಾತ್ರಿ ಪಾಳಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ಹೆಂಗಸರನ್ನು ರಾತ್ರಿ ದುಡಿಸುವಂತಿರಲಿಲ್ಲ. ಆದರೆ ಅಮೆರಿಕದ ಹಗಲೆಂದರೆ ನಮಗೆ ರಾತ್ರಿ. 2002ರಲ್ಲಿ ಕಾಯಿದೆ ತಿದ್ದಿ, ವಾಹನ ಮತ್ತು ಭದ್ರತೆ ಕೊಡುವ ಐಟಿ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು ಎಂದರು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ರಾತ್ರಿ ಕೆಲಸಕ್ಕೆ ಕರೆದೊಯ್ಯಲು ಬಂದ ಚಾಲಕನೇ ಕೊಂದ. ಆಮೇಲೆ ಎಷ್ಟೋ ಮನೆಗಳಲ್ಲಿ ರಾತ್ರಿ ಫೋನಿನ ಮೊದಲ ಮಾತೇ "ರೂಮ್ ಮುಟ್ಟಿದ್ಯಾ?" ಎಂದಾಯ್ತು.

ಆದರೂ ರಾತ್ರಿ ಪಾಳಿಗಿಂತ ಮಗುವಿನ ಪ್ರಶ್ನೆಯೇ ದೊಡ್ಡದು ಅನ್ನುವುದು ನಮ್ಮ ಅನಿಸಿಕೆ. ನೋಡಿಕೊಳ್ಳುವ ಅಜ್ಜಿ ಇಲ್ಲಿ, ಕಚೇರಿ ಸುಮಾರು 220 ಕಿಲೋಮೀಟರ್ ಆಚೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿ ಬಂದು ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದಾಯ್ತು. ರಜೆ ಮುಗಿದ ಮೇಲೂ, ಕೆಲಸ ಅಂಥದ್ದಾಗಿದ್ದರೆ, ಕಂಪನಿಯೊಂದಿಗೆ ಮಾತಾಡಿಕೊಂಡು ಮನೆಯಿಂದಲೇ ದುಡಿಯಬಹುದು ಎಂದೂ ಅದರಲ್ಲಿ ಇತ್ತು. ಕೊರೋನಾಕ್ಕಿಂತ ಮೂರು ವರ್ಷ ಮೊದಲೇ! ಅದು ಎಷ್ಟು ಜನರಿಗೆ ಗೊತ್ತಿತ್ತೋ. 2020ರಲ್ಲಿ ಕಂಪನಿಗಳೇ ಎಲ್ಲರನ್ನೂ ಮನೆಗೆ ಕಳಿಸಿದವು. ಕಾಫಿ ತೋಟದ ಗುಡ್ಡ ಹತ್ತಿ ಸಿಗ್ನಲ್ ಹುಡುಕಿಕೊಂಡು, ಹೋಗಿ ಬರುವ ಕರೆಂಟಿನಲ್ಲೇ ಕೆಲಸ ನಡೆಯಿತು.

ಈ ಸೌಲಭ್ಯಗಳನ್ನೆಲ್ಲ ಕೆಲಸಕ್ಕೆ ಸೇರುವಾಗಲೇ ಹೆಣ್ಣುಮಕ್ಕಳಿಗೆ ಬರವಣಿಗೆಯಲ್ಲಿ ತಿಳಿಸಬೇಕು ಎಂದೂ 2017ರ ತಿದ್ದುಪಡಿ ಹೇಳಿತ್ತು. ಅಂಥ ಪತ್ರ ಬಂದಿತ್ತಾ ಎಂದು ನಿಮ್ಮ ಮನೆಯ ಹುಡುಗಿಯನ್ನು ಒಮ್ಮೆ ಕೇಳಿ.