‘ಸೊಸೆ ಅನ್ನ ಹಾಕ್ತಿಲ್ಲ’ ಎನ್ನುವ ಅಜ್ಜಿಯ ವಿಡಿಯೊ: ಫಾರ್ವರ್ಡ್ ಮಾಡುವ ಮೊದಲು ಡಿಮೆನ್ಷಿಯಾ ಬಗ್ಗೆ ಇಷ್ಟು ತಿಳಿದಿರಲಿ

ಮೊಳಕಾಲ್ಮೂರು ತಾಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಬುಡದಲ್ಲಿ ಒಬ್ಬ ಅಜ್ಜಿ ಒಬ್ಬರೇ ಕೂತಿದ್ದಾರೆ ಎಂದುಕೊಳ್ಳಿ. ಬಿಸಿಲು ಏರಿದೆ, ಕಾಲಲ್ಲಿ ಚಪ್ಪಲಿ ಇಲ್ಲ. ದೇವಸ್ಥಾನಕ್ಕೆ ಬಂದ ಹುಡುಗರು ಮೊಬೈಲ್ ಹಿಡಿದು ‘ಯಾವೂರಜ್ಜಿ? ಮನೇಲಿ ಯಾರಿದಾರೆ?’ ಎಂದು ಕೇಳುತ್ತಾರೆ. ‘ಸೊಸೆ ಮೂರು ದಿನದಿಂದ ಅನ್ನ ಹಾಕಿಲ್ಲಪ್ಪ. ಒಡವೆ ಎಲ್ಲಾ ಕಿತ್ಕಂಡ್ಲು’ ಎನ್ನುತ್ತಾರೆ ಅಜ್ಜಿ. ಸಂಜೆಯೊಳಗೆ ಆ ವಿಡಿಯೊ ಚಳ್ಳಕೆರೆ, ರಾಯದುರ್ಗ, ಬಳ್ಳಾರಿಯ ಗ್ರೂಪುಗಳನ್ನೆಲ್ಲ ಸುತ್ತಿರುತ್ತದೆ. ಸೊಸೆಯ ಹೆಸರು, ಮನೆ, ಗಂಡನ ಫೋನ್ ನಂಬರು ಎಲ್ಲವೂ ಬಯಲಾಗಿರುತ್ತವೆ.

ಈ ಅಜ್ಜಿ ನಮ್ಮ ಕಲ್ಪನೆ. ಆದರೆ ಇಂಥ ವಿಡಿಯೊ ಬರದ ಫೋನ್ ಅಪರೂಪ. ಆ ಅಜ್ಜಿ ಎರಡು ಗಂಟೆ ಮುಂಚೆಯಷ್ಟೇ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದಿರಬಹುದು, ಆ ಸೊಸೆ ಹೊಲ, ರಸ್ತೆ ಎಲ್ಲ ಅಲೆದು ಅವರನ್ನೇ ಹುಡುಕುತ್ತಿರಬಹುದು ಎಂಬ ಯೋಚನೆ ನೋಡುವವರಿಗೆ ಬರುವುದಿಲ್ಲ.

ಹಾಗಾದರೆ ಅಜ್ಜಿ ಸುಳ್ಳು ಹೇಳಿದರೇ?

ಇಲ್ಲ. ಮಿದುಳಿನಲ್ಲಿ ಹೊಸ ನೆನಪನ್ನು ಕೂಡಿಡಲು ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವ ಅಲ್ಜೈಮರ್ ಸಾಮಾನ್ಯವಾಗಿ ಮೊದಲು ಕೆಡಿಸುವುದು ಈ ಭಾಗವನ್ನು ಮತ್ತು ಅದರ ಸುತ್ತಮುತ್ತಲನ್ನು. ಐವತ್ತು ವರ್ಷದ ಹಿಂದಿನ ಮದುವೆಯ ಊಟ ನೆನಪಿರುತ್ತದೆ, ಇವತ್ತು ಬೆಳಿಗ್ಗೆಯ ಊಟ ನೆನಪಾಗಿ ಕೂರುವುದೇ ಇಲ್ಲ. ಅಜ್ಜಿಯ ಮಟ್ಟಿಗೆ ಆ ಊಟ ನಡೆದೇ ಇಲ್ಲ. ‘ಅನ್ನ ಹಾಕಿಲ್ಲ’ ಎನ್ನುವಾಗ ಅವರು ತಮಗೆ ಗೊತ್ತಿರುವ ಸತ್ಯವನ್ನೇ ಹೇಳುತ್ತಿರುತ್ತಾರೆ.

ಒಡವೆಯ ಕತೆಯೂ ಹೀಗೆಯೇ. ಕಳ್ಳರ ಭಯಕ್ಕೆ ಸರವನ್ನು ಅಕ್ಕಿ ಡಬ್ಬದಲ್ಲೋ ಹಳೇ ಸೀರೆಯ ಮಡಿಕೆಯಲ್ಲೋ ಬಚ್ಚಿಡುತ್ತಾರೆ. ಬಚ್ಚಿಟ್ಟದ್ದು ಮರೆತುಹೋಗುತ್ತದೆ, ಸರ ಇಲ್ಲ ಎಂಬುದು ಮಾತ್ರ ಕಾಣುತ್ತದೆ. ನಡುವಿನ ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ: ಯಾರೋ ಕದ್ದಿದ್ದಾರೆ. ಯಾರು? ದಿನವಿಡೀ ಹತ್ತಿರ ಓಡಾಡುವವರು. ಆದ್ದರಿಂದಲೇ ಹೆಚ್ಚು ಸೇವೆ ಮಾಡುವವರ ಮೇಲೆಯೇ ಹೆಚ್ಚು ಆರೋಪ ಬರುತ್ತದೆ, ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬಾಳೆಹಣ್ಣು ಹಿಡಿದು ಬರುವ ಮಗ ಬಂಗಾರದಂಥವನಾಗುತ್ತಾನೆ. ಡಿಮೆನ್ಷಿಯಾ ಬಗ್ಗೆ ಒಂದೇ ಸಂಗತಿ ಫಾರ್ವರ್ಡ್ ಮಾಡಬಹುದು ಎಂದರೆ ನಾವು ಇದನ್ನೇ ಆರಿಸುತ್ತೇವೆ.

‘ಅರವತ್ತಕ್ಕೆ ಅರಳು ಮರಳು’ ಗಾದೆ ಎಷ್ಟು ನಿಜ?

ವಯಸ್ಸಾದ ಮೇಲೆ ಹೆಸರು ತಟ್ಟನೆ ಹೊಳೆಯದಿರುವುದು, ಕನ್ನಡಕ ಹುಡುಕುವುದು ಸಹಜ. ದಿನಾ ಮಾಡುತ್ತಿದ್ದ ಸಾರಿಗೆ ಏನೇನು ಹಾಕಬೇಕೆಂದು ತಿಳಿಯದಿರುವುದು, ಸ್ವಂತ ಬೀದಿಯಲ್ಲೇ ದಾರಿ ತಪ್ಪುವುದು ಸಹಜವಲ್ಲ, ಅದು ಕಾಯಿಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ, ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ನಗರಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಹೆಚ್ಚು. ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಅದಿಲ್ಲ. ಗಾದೆ ಇಲ್ಲಿ ತಪ್ಪು ದಾರಿಗೆ ಎಳೆಯುತ್ತದೆ. ‘ವಯಸ್ಸಾಯ್ತಲ್ಲ, ಇರ್ತದೆ ಬಿಡಿ’ ಎನ್ನುತ್ತ ಮೂರ್ನಾಲ್ಕು ವರ್ಷ ಕಳೆದುಬಿಡುತ್ತೇವೆ.

ಆ ತಡ ಅಪಾಯಕಾರಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಬಿದ್ದು ತಲೆಯೊಳಗೆ ನಿಧಾನವಾಗಿ ಕೂಡಿದ ರಕ್ತ, ಇವೆಲ್ಲ ಡಿಮೆನ್ಷಿಯಾದಂತೆಯೇ ಕಾಣುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಕಿವಿ ಮಂದವಾದವರನ್ನೂ ‘ಮರೆವು ಬಂದಿದೆ’ ಎಂದು ತಳ್ಳಿಹಾಕುವುದುಂಟು. ಇನ್ನೊಂದು ಮುಖ್ಯ ಮಾತು: ನಿನ್ನೆವರೆಗೂ ಸರಿಯಿದ್ದವರು ಇವತ್ತು ಏಕಾಏಕಿ ಗೊಂದಲಗೊಂಡರೆ, ಇಲ್ಲದ್ದು ಕಂಡಂತೆ ಮಾತಾಡಿದರೆ, ಅದು ಮೂತ್ರದ ಸೋಂಕು, ಸೋಡಿಯಂ ಕುಸಿತ ಅಥವಾ ಪಾರ್ಶ್ವವಾಯು ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

‘ಮರೆಯುತ್ತೇನೆ ಎಂದು ತನಗೇ ಗೊತ್ತಿರುವವರಿಗೆ ಅಲ್ಜೈಮರ್ ಇಲ್ಲ’ ಎಂದು ಫ್ರಾನ್ಸಿನ ಪ್ರೊಫೆಸರೊಬ್ಬರ ಹೆಸರಿನಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ. ಕೆಳಗೆ 9ರ ಸಾಲಿನ ನಡುವೆ 6 ಹುಡುಕುವ ಆಟವೂ ಇರುತ್ತದೆ. ಅದನ್ನು ನಂಬಬೇಡಿ. ಶುರುವಿನ ಹಂತದಲ್ಲಿ ಎಷ್ಟೋ ಜನಕ್ಕೆ ತಮ್ಮ ಮರೆವು ಗೊತ್ತಾಗುತ್ತದೆ, ಅದಕ್ಕೆ ಹೆದರಿ ಅಳುವವರೂ ಇದ್ದಾರೆ. ಅಂಕಿ ಹುಡುಕುವ ಆಟದಿಂದ ಕಣ್ಣಿನ ಗಮನ ಎಷ್ಟಿದೆ ಎಂದು ತಿಳಿಯಬಹುದು, ಕಾಯಿಲೆ ಇದೆಯೋ ಇಲ್ಲವೋ ಎಂದಲ್ಲ. ಕೊಬ್ಬರಿ ಎಣ್ಣೆ, ಒಂದೆಲಗದಿಂದ ಡಿಮೆನ್ಷಿಯಾ ವಾಸಿಯಾಗುತ್ತದೆ ಎಂಬುದಕ್ಕೂ ಪುರಾವೆ ಇಲ್ಲ. ಒಂದೆಲಗದ ಚಟ್ನಿ ರುಚಿಗೆ ಮಾಡಿ ತಿನ್ನಿ, ಬೇಡ ಎನ್ನುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಡೊನೆಪೆಜಿಲ್, ಮೆಮಂಟಿನ್‌ನಂಥ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ನೆರವಾಗುತ್ತವೆ, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಆದ್ದರಿಂದ ಮನೆಯವರು ನಡೆದುಕೊಳ್ಳುವ ರೀತಿಯೇ ಚಿಕಿತ್ಸೆಯ ದೊಡ್ಡ ಪಾಲು.

ಮೊದಲನೆಯದು ವಾದ ಬಿಡುವುದು. ‘ಈಗ ತಾನೇ ಉಂಡ್ಯಲ್ಲ’ ಎಂದರೆ ಅವರ ಕಿವಿಗೆ ಅದು ಸುಳ್ಳು, ಅವಮಾನ. ‘ಆಯ್ತತ್ತೆ, ಒಲೆ ಮೇಲಿದೆ, ಅಲ್ಲೀಗಂಟ ಇದು ತಿಂತಿರು’ ಎಂದು ಅರ್ಧ ಬಾಳೆಹಣ್ಣು ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಏನು ಕೊಡಬಹುದೆಂದು ಡಾಕ್ಟರನ್ನು ಕೇಳಿಕೊಳ್ಳಿ. ಒಂದು ಊಟವನ್ನು ಎರಡಾಗಿ ಹಂಚಿ ಬಡಿಸಬಹುದು. ಉಂಡ ತಟ್ಟೆಯನ್ನು ತಕ್ಷಣ ತೊಳೆಯದೆ ಕಣ್ಣಿಗೆ ಕಾಣುವಂತೆ ಸ್ವಲ್ಪ ಹೊತ್ತು ಬಿಟ್ಟರೂ ಕೆಲವೊಮ್ಮೆ ಉಪಯೋಗವಾಗುತ್ತದೆ. ಸರ ಕಳೆದಿದೆ ಎಂದರೆ ‘ನಾನ್ಯಾಕೆ ಕದೀಲಿ’ ಎನ್ನದೆ ಜೊತೆಗೆ ಹುಡುಕಿ. ಅಸಲಿ ಒಡವೆ ಬೇರೆಡೆ ಭದ್ರವಾಗಿರಲಿ, ಅವರ ಪೆಟ್ಟಿಗೆಯಲ್ಲಿ ಗಿಲೀಟಿನದು ಇರಲಿ. ಬಂದವರೆಲ್ಲ ‘ನಾನ್ಯಾರು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ‘ನಾನತ್ತೆ, ನಿಮ್ಮ ಅಣ್ಣನ ಮಗ’ ಎಂದು ನೀವೇ ಹೇಳಿಕೊಂಡು ಕೂರಿ.

ಕೈಯ ಅಭ್ಯಾಸ ನೆನಪಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು, ನೇಯ್ಗೆಯ ಮನೆಯ ಅಜ್ಜನಿಗೆ ದಿನ ಯಾವುದೆಂದು ಗೊತ್ತಿಲ್ಲದಿದ್ದರೂ ನೂಲು ಸುತ್ತುವುದು ಬರಬಹುದು. ಚಳ್ಳಕೆರೆ ಕಡೆಯ ಅಜ್ಜಿಗೆ ಶೇಂಗಾ ಸುಲಿಯುವುದು ಬರಬಹುದು. ತಪ್ಪಾದರೂ ಮಾಡಲಿ ಬಿಡಿ. ಈ ಗಡಿಯಲ್ಲಿ ಅನೇಕ ಮನೆಗಳ ಮಾತು ತೆಲುಗು, ಹೊರಗಿನದು ಕನ್ನಡ. ಕಾಯಿಲೆ ಬೆಳೆದಂತೆ ಕೆಲವರು ಚಿಕ್ಕಂದಿನ ಭಾಷೆಗೇ ವಾಪಸಾಗುತ್ತಾರೆ, ಆಗ ಅದರಲ್ಲೇ ಮಾತಾಡಿಸಿದರೆ ಉತ್ತರ ಸಿಗುತ್ತದೆ. (ಹೈದರಾಬಾದಿನ ನಿಮ್ಸ್‌ನಲ್ಲಿ 648 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಅಂತರ ಕಂಡಿತ್ತು. ಹಾಗೆಂದು ಎರಡು ಭಾಷೆ ಬಂದರೆ ಕಾಯಿಲೆ ಬರುವುದಿಲ್ಲ ಎಂದಲ್ಲ.)

ಅಪಾಯದ ಪಟ್ಟಿ ಹಳ್ಳಿ ಮನೆಯಲ್ಲಿ ಬೇರೆಯದೇ. ಕೀಟನಾಶಕದ ಡಬ್ಬ, ಹುಳು ಸಾಕುವ ಮನೆಯ ಬ್ಲೀಚಿಂಗ್ ಪೌಡರ್, ಗ್ಯಾಸ್ ಸಿಲಿಂಡರಿನ ನಾಬು, ತೆರೆದ ಬಾವಿ, ಬೇಲಿಯಿಲ್ಲದ ಕೃಷಿ ಹೊಂಡ. ಮೊದಲ ಎರಡಕ್ಕೆ ಬೀಗ ಹಾಕಿ. ಮನುಷ್ಯರನ್ನು ಮಾತ್ರ ಒಳಗೆ ಕೂಡಿ ಬೀಗ ಹಾಕಿ ಹೋಗಬೇಡಿ, ಬೆಂಕಿ ಬಿದ್ದರೆ ಹೊರಬರಲು ಅವರಿಗೆ ತಿಳಿಯುವುದಿಲ್ಲ. ಚಿಲಕವನ್ನು ಕಣ್ಣಿಗೆ ಬೀಳದ ಎತ್ತರದಲ್ಲಿ ಹಾಕಿಸಿ, ಬಾಗಿಲಿಗೆ ಗೆಜ್ಜೆ ಕಟ್ಟಿ. ಫೋನ್ ನಂಬರನ್ನು ರವಿಕೆ ಅಥವಾ ಅಂಗಿಯ ಒಳಮಗ್ಗುಲಿಗೆ ಹೊಲಿಯಿರಿ. ಇತ್ತೀಚಿನ ಫೋಟೊ ಫೋನಿನಲ್ಲಿರಲಿ. ಕಾಣೆಯಾದರೆ 24 ಗಂಟೆ ಕಾಯಬೇಕೆಂಬ ನಿಯಮ ಇಲ್ಲ, ಕೂಡಲೇ 112ಕ್ಕೆ ಕರೆ ಮಾಡಿ. ಮೊದಲು ಹತ್ತಿರದ ನೀರಿನ ಜಾಗ, ಆಮೇಲೆ ಅವರ ಹಳೆಯ ದಾರಿಗಳನ್ನು ಹುಡುಕಿ: ತವರಿನ ಕಡೆಯ ರಸ್ತೆ, ಮಾರಿದ ಹೊಲ, ಚಿಕ್ಕಂದಿನಲ್ಲಿ ಹತ್ತಿದ ಬೆಟ್ಟ.

ಕಾಯಿಲೆ ಬಲಿತ ಮೇಲೆ ನುಂಗುವುದು ಕಷ್ಟವಾಗುತ್ತದೆ. ನಮ್ಮಲ್ಲಿ ರಾಗಿಮುದ್ದೆಯನ್ನು ಅಗಿಯದೆ ನುಂಗುತ್ತೇವೆ. ಊಟದಲ್ಲಿ ಕೆಮ್ಮು ಶುರುವಾದರೆ ಮುದ್ದೆ, ಮಂಡಕ್ಕಿ, ಶೇಂಗಾ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಮೆತ್ತಗೆ ಕಲಸಿದ ಅನ್ನವನ್ನು ಚಿಕ್ಕ ತುತ್ತುಗಳಲ್ಲಿ ಕೊಡಿ, ಡಾಕ್ಟರಿಗೆ ತಿಳಿಸಿ. ರಾತ್ರಿಯ ಗಲಾಟೆಗೆ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ, ಬೀಳುವುದು ಹೆಚ್ಚುತ್ತದೆ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಡಿಮೆನ್ಷಿಯಾ ಇರುವವರಲ್ಲಿ ಪಾರ್ಶ್ವವಾಯು, ಸಾವಿನ ಅಪಾಯ ಹೆಚ್ಚುವುದು ಸಾಬೀತಾಗಿದೆ. ವೈದ್ಯರು ಬರೆದರೆ ಮಾತ್ರ, ಅವರು ಹೇಳಿದಷ್ಟು ದಿನ ಮಾತ್ರ.

ನೋಡಿಕೊಳ್ಳುವವರನ್ನು ಯಾರು ನೋಡಿಕೊಳ್ಳಬೇಕು?

ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನವಿದೆ. ‘ಬಳೆಗಾರರ ಗುಂಡು’ ಎಂದು ಹೆಸರಾದ ಬಂಡೆಯ ಮೇಲಿನ ಆ ಅಕ್ಷರಗಳು ತೀರಾ ಸವೆದಿವೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದ ಪ್ರತಿಗಳ ಜೊತೆ ಇಟ್ಟು ಅದನ್ನು ಓದುತ್ತಾರೆ. ತಾಯಿತಂದೆಯರ, ಹಿರಿಯರ ಮಾತು ನಡೆಸಬೇಕು ಎಂಬ ಅಪ್ಪಣೆ ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆ ಬದಲಿಸುವ ಕೈ ಯಾರದು ಎಂದು ಕೇಳಿದರೆ, ಬಹುತೇಕ ಮನೆಗಳಲ್ಲಿ ಅದು ಒಬ್ಬಳೇ ಹೆಂಗಸಿನದು.

ಹಾಗೆ ವರ್ಷಗಟ್ಟಲೆ ನೋಡಿಕೊಂಡವರಿಗೆ ಖಿನ್ನತೆ, ನಿದ್ರಾಹೀನತೆ ಬರುವುದು ಸಾಮಾನ್ಯ. ದೂರದ ಮಕ್ಕಳು ‘ಅವ್ವನ್ನ ಚೆನ್ನಾಗಿ ನೋಡ್ಕೊ’ ಎಂದು ಫೋನಿನಲ್ಲಿ ಹೇಳುವ ಬದಲು ತಿಂಗಳಿಗೆ ನಾಲ್ಕು ದಿನ ಬಂದು ತಾವೇ ನೋಡಿಕೊಳ್ಳಲಿ, ಅವಳನ್ನು ತವರಿಗೆ ಕಳಿಸಲಿ. ಬರಲಾಗದಿದ್ದರೆ ರಾತ್ರಿಗೆ ಜನ ಇಡುವ ಖರ್ಚು ಕೊಡಲಿ. ಇದನ್ನು ನಾವು ಸಲಹೆಯಾಗಿ ಅಲ್ಲ, ಪಾಲು ಎಂದೇ ಹೇಳುತ್ತಿದ್ದೇವೆ.

ಹಾಗೆಂದು ಹಿರಿಯರ ದೂರೆಲ್ಲ ಮರೆವಲ್ಲ. ದೌರ್ಜನ್ಯ ನಿಜಕ್ಕೂ ನಡೆಯುತ್ತದೆ, ಡಿಮೆನ್ಷಿಯಾ ಇರುವವರ ಮೇಲೆ ಇನ್ನೂ ಸುಲಭವಾಗಿ ನಡೆಯುತ್ತದೆ. ಮೈಯಿಳಿದಿರುವುದು, ಬೇರೆ ಬೇರೆ ದಿನಗಳ ಗಾಯದ ಗುರುತು, ಆರೈಕೆಯಿಲ್ಲದ ಹಾಸಿಗೆ ಹುಣ್ಣು, ಒಬ್ಬ ನಿರ್ದಿಷ್ಟ ವ್ಯಕ್ತಿ ಬಂದಾಗ ಮುದುಡಿಕೊಳ್ಳುವುದು, ಪಿಂಚಣಿ ಹಣ ಮಾಯವಾಗುವುದು ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ವಿಡಿಯೊ ಹರಿಬಿಟ್ಟರೆ ತನಿಖೆ ಆಗುವುದಿಲ್ಲ.

ಎಲ್ಲಿ ತೋರಿಸಬೇಕು?

ಹತ್ತಿರದ ಪಿಎಚ್‌ಸಿ ಅಥವಾ ಆಶಾ ಕಾರ್ಯಕರ್ತೆಯಿಂದ ಶುರುಮಾಡಿ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ, ಯಾವ ವಾರ ಎಂದು ವಿಚಾರಿಸಿ ಹೋಗಿ. ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್‌ಗಳು ಶುರುವಾಗಿವೆ. ಟೆಲಿ ಮಾನಸ್ 14416ರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು, ನೋಡಿಕೊಳ್ಳುವವರು ತಮ್ಮ ಸಲುವಾಗಿಯೂ ಮಾಡಬಹುದು. ಬೆಂಗಳೂರಿನ ಡಿಮೆನ್ಷಿಯಾ ಇಂಡಿಯಾ ಅಲಯನ್ಸ್‌ನ ಸಹಾಯವಾಣಿ 8585990990. ಡಿಮೆನ್ಷಿಯಾದಿಂದ ಆಗುವ ಅಂಗವೈಕಲ್ಯಕ್ಕೂ ಪ್ರಮಾಣಪತ್ರ ಸಿಗುತ್ತದೆ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ.

ಬೆಟ್ಟದ ಬುಡದ ಆ ಅಜ್ಜಿ ನಿಮಗೇ ಸಿಕ್ಕರೆ? ನೆರಳಿಗೆ ಕರೆದೊಯ್ದು ನೀರು ಕೊಡಿ. ಒಂದೊಂದೇ ಪ್ರಶ್ನೆ ಕೇಳಿ: ತವರು ಯಾವುದು, ಮಕ್ಕಳ ಹೆಸರೇನು. ಸೆರಗಿನ ತುದಿಯಲ್ಲಿ, ಚೀಲದಲ್ಲಿ ಚೀಟಿ ಇದೆಯೇ ನೋಡಿ. 112ಕ್ಕೆ ಕರೆ ಮಾಡಿ, ಪೊಲೀಸರು ಬರುವತನಕ ಜೊತೆಗಿರಿ. ಗ್ರೂಪಿಗೆ ಹಾಕಲೇಬೇಕಾದರೆ ಮುಖದ ಒಂದು ಫೋಟೊ, ಸಿಕ್ಕಿದ ಜಾಗ, ಸಮಯ, ಠಾಣೆಯ ನಂಬರು ಸಾಕು, ಅವರು ಮನೆಯವರ ಬಗ್ಗೆ ಹೇಳಿದ ಮಾತು ಬೇಡ. ಮನೆಯವರು ಬಂದ ಮೇಲೆ ‘ಸಿಕ್ಕಿದ್ದಾರೆ’ ಎಂದು ಅದೇ ಗ್ರೂಪಿನಲ್ಲಿ ಬರೆದು ಫೋಟೊ ಅಳಿಸಿ. ವಾಟ್ಸಾಪಿನಲ್ಲಿ ಎಲ್ಲರ ಫೋನಿನಿಂದಲೂ ಅಳಿಸಲು ಸುಮಾರು ಎರಡು ದಿನ ಅವಕಾಶವಿರುತ್ತದೆ.