ಆಮಿಷಹಕ್ಕಿ ಬೇಟೆ

ಸಾಕಿದ ಹಕ್ಕಿಯ ಕೂಗಿನಿಂದ ಕಾಡುಹಕ್ಕಿಯನ್ನು ಹತ್ತಿರ ಸೆಳೆದು ಹಿಡಿಯುವ ಪದ್ಧತಿ. ಗದಗ ಸೀಮೆಯ ಎರೆಹೊಲ, ಕುರುಚಲು ಬಯಲುಗಳಲ್ಲಿ ಇದರ ಮುಖ್ಯ ಗುರಿ ಬೂದು ಗೌಜಲಹಕ್ಕಿ.

ಈ ಹಕ್ಕಿಗೆ ತನ್ನ ಗಡಿಯ ಬಗ್ಗೆ ವಿಪರೀತ ಅಭಿಮಾನ. ಬೆಳಗಿನ ಜಾವ ಗಂಡುಹಕ್ಕಿ ಗಟ್ಟಿಯಾಗಿ ಕೂಗಿ ಒಡೆತನ ಸಾರುತ್ತದೆ. ಬೇಟೆಗಾರ ಮಬ್ಬುಗತ್ತಲಲ್ಲೇ ಸಾಕುಹಕ್ಕಿಯ ಪಂಜರವನ್ನು ಬದುವಿನ ಮೇಲಿಟ್ಟು, ಸುತ್ತ ಕುದುರೆಬಾಲದ ಕೂದಲಿನ ಉರುಲುಗಳನ್ನು ಹೂಡಿ ಮರೆಗೆ ಸರಿಯುತ್ತಾನೆ. ಪಂಜರದ ಕೂಗಿಗೆ ಕೆರಳಿ ಜಗಳಕ್ಕೆ ಓಡಿಬಂದ ಹಕ್ಕಿಯ ಕಾಲು ಉರುಲಿಗೆ ಬೀಳುತ್ತದೆ. ಇಲ್ಲಿ ಬಲೆಗಿಂತ ಹಕ್ಕಿಯ ಜಂಬವೇ ಹೆಚ್ಚು ಕೆಲಸ ಮಾಡುತ್ತದೆ.

ಉರುಲು ಹೂಡುವುದರಲ್ಲಿ ಪಾರ್ಧಿ, ಹರಣಶಿಕಾರಿ ಸಮುದಾಯಗಳು ಹೆಸರಾಗಿದ್ದವು. ವಸಾಹತು ಸರ್ಕಾರದ ಅಪರಾಧಿ ಬುಡಕಟ್ಟು ಕಾಯ್ದೆಯ ಕಳಂಕ ಇಂಥ ಅಲೆಮಾರಿಗಳಿಗೆ ಅಂಟಿತ್ತು. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಆಮಿಷದ ಉಪಾಯ ಅರಮನೆಗೂ ಹೊಸದಲ್ಲ: ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಆಡುವ ಬೇಟೆಯನ್ನು ವಿವರಿಸುತ್ತದೆ.

ಕಾಗೆಯನ್ನು ಹೀಗೆ ಹಿಡಿಯುವ ರೂಢಿ ಇಲ್ಲಿಲ್ಲ. ಸತ್ತ ಕಾಗೆಯನ್ನು ಗಳಕ್ಕೆ ಕಟ್ಟಿ ಉಳಿದವನ್ನು ಹೆದರಿಸುವುದೇ ರೈತರ ಉಪಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಗೆಯನ್ನು ಉಪದ್ರವಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಗೌಜಲ ಬೇಟೆಯಂತೂ ನಿಷಿದ್ಧ.