ಅಂತರಗಂಗೆ: ಭೀಮಾತೀರದಲ್ಲಿ ಒಂದು ಹೆಸರಿನ ಪಲ್ಲಟ

ಆಳಂದ ಸೀಮೆಯ ನೀರನ್ನು ಹೊತ್ತುತರುವ ಅಮರಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಅಲ್ಲಿಂದ ಜೇವರ್ಗಿಯ ಕಡೆಗೆ ಸಾಗುತ್ತದೆ. ನೆಲಕ್ಕೆ ಬಿದ್ದ ಅಮೃತಬಿಂದುವೇ ಅಮರಜೆಯಾಯಿತೆಂದು ಮರಾಠಿಯ ‘ಗುರುಚರಿತ್ರೆ’ ಹೇಳುವುದು. ಇಂಥ ಹೊಳೆಗಳಲ್ಲಿ ಪರದೇಶದ ಸಸ್ಯಗಳನ್ನು ಗುರುತಿಸಹೊರಟವರಿಗೆ ಮೊದಲು ಎದುರಾಗುವ ತೊಡಕು ಹೆಸರಿನದು.

ಕನ್ನಡದಲ್ಲಿ ಅಂತರಗಂಗೆಯೆಂಬುದು ಮೂಲತಃ ಪಿಸ್ಟಿಯಾ ಸಸ್ಯದ ಹೆಸರು. ಅದಕ್ಕೆ ಕಾಂಡ ಕಾಣದು. ನವಿರಾದ ರೋಮವುಳ್ಳ ಎಲೆಗಳು ಕೋಸಿನಂತೆ ಸುತ್ತಲೂ ಹರಡಿ ತೇಲುತ್ತವೆ. ಇಂದಿನ ಪತ್ರಿಕೆಗಳಾದರೋ ಅದೇ ಹೆಸರನ್ನು ದಕ್ಷಿಣ ಅಮೇರಿಕದಿಂದ ಬಂದ ಬೇರೊಂದು ಸಸ್ಯಕ್ಕೆ ಸಲ್ಲಿಸುತ್ತಿವೆ. ಇದರ ಎಲೆಯ ತೊಟ್ಟು ಬುರುಗಿನಂತೆ ಊದಿರುವುದು; ಹೂವು ನಸುನೇರಳೆ, ಮೇಲಿನ ಎಸಳಿನಲ್ಲಿ ಹಳದಿಯ ಮಚ್ಚೆ. ಹಿಂದಿಯ ‘ಜಲಕುಂಭಿ’ಗೂ ಇದೇ ಗತಿಯಾಗಿದೆ. ಭೀಮೆಗೆ ನೀರು ಕೊಡುವ ಪುಣೆಯ ನದಿಗಳಲ್ಲಿ ಇದು ದಟ್ಟವಾಗಿ ಹಬ್ಬಿದ್ದು, ಅಲ್ಲಿಯವರು ಇದನ್ನು ‘ಜಲಪರ್ಣಿ’ ಎನ್ನುವರು. ಆ ಹೆಸರೇ ಗಡಿಯ ಈಚೆಗೂ ಬಂದಿದ್ದರೆ ಗೊಂದಲ ಕಡಿಮೆಯಾಗುತ್ತಿತ್ತು.

ಈ ಪಲ್ಲಟದಿಂದ ಕಾಲನಿರ್ಣಯವೂ ಕೆಡುವುದು. ಊದುತೊಟ್ಟಿನ ಸಸ್ಯವು ಬಂಗಾಳಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಹಳೆಯ ವೈದ್ಯಗ್ರಂಥದಲ್ಲಿ ಅಂತರಗಂಗೆಯ ಹೆಸರನ್ನು ಕಂಡ ಮಾತ್ರಕ್ಕೆ ಇದನ್ನು ಈ ನೆಲದ ಪುರಾತನ ನಿವಾಸಿಯೆಂದು ಭಾವಿಸುವುದು ಯುಕ್ತವಲ್ಲ. ಬಂಗಾಳದಲ್ಲಿ ಅದರ ಹಾವಳಿ ಎಷ್ಟು ಹೆಚ್ಚಿತೆಂದರೆ, 1921ರಲ್ಲಿ ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಕೂಡಿತು. 1936ರಲ್ಲಿ ಶಾಸನವೇ ಆಯಿತು. ಬೆಂಗಳೂರಿನ ಕೆರೆಗಳಲ್ಲಿ 1983ರಿಂದೀಚೆಗೆ ಇದನ್ನೇ ತಿಂದು ಬದುಕುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ತಂದು ಬಿಡಲಾಯಿತು. ಪಿಸ್ಟಿಯಾವನ್ನು ತಿನ್ನುವ ಮೂತಿಹುಳು ಬೇರೆಯೇ. ಮನುಷ್ಯರು ಒಂದಾಗಿಸಿದ ಎರಡು ಗಿಡಗಳನ್ನು ಹುಳುಗಳು ಒಂದೆಂದು ಒಪ್ಪಿಲ್ಲ.

ನೀರಿನ ಸ್ಥಿತಿಯನ್ನು ಹುಳುಗಳಿಂದ ತಿಳಿಯುವ ಕ್ರಮವೂ ಉಂಟು. ಸಾಮಾನ್ಯ ಜನರೇ ಸ್ವಯಂಸೇವಕರಾಗಿ ಹಳ್ಳಗಳನ್ನು ಕಾಯುವ ಪದ್ಧತಿಯು ಅಮೇರಿಕದ ಮೇರಿಲ್ಯಾಂಡಿನಲ್ಲಿ 1969ರಲ್ಲಿ ಮೊದಲಾದ ಯೋಜನೆಯಿಂದ ಪ್ರಸಿದ್ಧಿಗೆ ಬಂದಿತು. ಬಲೆಯಲ್ಲಿ ಹಿಡಿದ ಹುಳುಗಳನ್ನು ಬಿಳಿಯ ತಟ್ಟೆಗೆ ಸುರಿದು ಎಣಿಸುವರು. ತೇಲುಸಸ್ಯವು ದಟ್ಟವಾಗಿ ಕವಿದಲ್ಲಿ ನೀರಿನ ಪ್ರಾಣವಾಯು ಕುಗ್ಗುವುದು. ಆಗ ಮೂರು ಬಾಲದೆಳೆಗಳ ಏಕದಿನಕೀಟದ ಮರಿಗಳು ಬೇಗನೆ ಮರೆಯಾಗಿ, ಕೆಸರಿನ ಕೆಂಪುಹುಳುಗಳು ಉಳಿಯುತ್ತವೆ. ಅಮರಜೆಯ ದಡದಲ್ಲಿ ಇಂಥ ಪಟ್ಟಿಯನ್ನು ಬರೆಯುವವರು ‘ಅಂತರಗಂಗೆ’ ಎಂದಷ್ಟೇ ಬರೆದು ಬಿಟ್ಟರೆ, ಮುಂದೆ ಅದನ್ನು ಓದುವವರಿಗೆ ಗಿಡ ಯಾವುದೆಂದು ತಿಳಿಯದು. ತೊಟ್ಟು ಊದಿತ್ತೇ, ಎಲೆ ರೋಮಶವಾಗಿತ್ತೇ ಎಂಬ ಒಂದು ಸಾಲು ಜೊತೆಗಿದ್ದರೆ ತಿಳಿದೀತು.